ಎರಡು ಗೀತಪುಸ್ತಕಗಳು

ಹೋದ ವರ್ಷ ನಮ್ಮ ಊರಿನ ದೇವಾಲಯಕ್ಕೆ ನೂರು ವರ್ಷ ತುಂಬಿತು. ಆ ನೆನಪಿಗೆ ಒಂದು ಸ್ಮರಣ ಸಂಚಿಕೆ ತರಬೇಕೆಂದು ಸಭೆಯ ಕಮಿಟಿಯವರು ತೀರ್ಮಾನಿಸಿದರು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವವಳೆಂಬ ಒಂದೇ ಕಾರಣಕ್ಕೆ ಸಭೆಯ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಪ್ಪಿಕೊಂಡೆ. ಹಳೆಯ ರಿಜಿಸ್ಟರುಗಳನ್ನೂ ಜಿರಲೆ ಕಡಿದ ನಡಾವಳಿ ಪುಸ್ತಕಗಳನ್ನೂ ಬಟ್ಟೆಯ ಚೀಲದಲ್ಲಿ ಹಾಕಿಕೊಟ್ಟ ಕಾರ್ಯದರ್ಶಿಯವರು ಹೊರಡುವಾಗ ಒಂದು ಮಾತು ಹೇಳಿದರು: "ಟೀಚರಮ್ಮ, ಒಗ್ಗಟ್ಟಿನ ವಿಷಯ ಮಾತ್ರ ಬರೀರಿ. ಜಗಳದ ಸಂಗತಿ ಎಲ್ಲ ಬೇಡ. ನಾಲ್ಕು ಜನ ಓದೋ ಪುಸ್ತಕ."

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಮೂರು ವರ್ಷದಿಂದ ನಮ್ಮ ಸಭೆಯಲ್ಲಿ ಎರಡು ಪಂಗಡ. ಕಾಂಪೌಂಡಿನ ಮುಂದೆ ಕಟ್ಟಿದ ಅಂಗಡಿಗಳ ಬಾಡಿಗೆಯ ಲೆಕ್ಕದಿಂದ ಶುರುವಾದ ಮಾತು ಕಮಿಟಿಯ ಚುನಾವಣೆಗೆ ಹೋಗಿ, ಅಲ್ಲಿಂದ ವಕೀಲರ ನೋಟೀಸಿಗೂ ಹೋಗಿತ್ತು. ಹತ್ತು ಹನ್ನೆರಡು ಮನೆಯವರು ಭಾನುವಾರ ದೇವಾಲಯಕ್ಕೆ ಬರುವುದನ್ನೇ ಬಿಟ್ಟು, ಒಬ್ಬರ ಮನೆಯ ಹಜಾರದಲ್ಲಿ ಬೇರೆ ಪ್ರಾರ್ಥನೆ ನಡೆಸುತ್ತಿದ್ದರು. ಕ್ರಿಸ್ಮಸ್ಸಿಗೆ ಕಜ್ಜಾಯ, ಕರ್ಜಿಕಾಯಿ ತುಂಬಿದ ತಟ್ಟೆಗಳು ಬೀದಿಯ ಆ ಕಡೆಯಿಂದ ಈ ಕಡೆಗೆ ಬರುವುದು ನಿಂತಿತ್ತು. ಜಗಳ ಗಂಡಸರದು, ಆದರೆ ತಟ್ಟೆ ನಿಂತಾಗ ಹೆಂಗಸರಿಗೆ ಆಗುವ ನೋವೇ ಬೇರೆ. ಓದುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರೆಯಲು ಕುಳಿತಾಗ ನನಗೆ ಮೊದಲು ನೆನಪಾದದ್ದು ನಡಾವಳಿ ಪುಸ್ತಕವಲ್ಲ, ನಮ್ಮ ಅಮ್ಮನ ಟ್ರಂಕು. ಅದರಲ್ಲಿ ಎರಡು ಗೀತಪುಸ್ತಕಗಳಿದ್ದವು. ಒಂದು ಅವಳು ತವರಿನಿಂದ ತಂದದ್ದು, ಬಾಸೆಲ್ ಮಿಶನ್ ಸಭೆಯದು. ಇನ್ನೊಂದು ಅತ್ತೆಯ ಮನೆಯಲ್ಲಿ ಕೊಟ್ಟದ್ದು. ಅಮ್ಮನ ತವರು ಉಡುಪಿಯ ಹತ್ತಿರ. ಅಪ್ಪನ ಮನೆಯವರು ತುಮಕೂರು ಕಡೆಯ ವೆಸ್ಲಿಯನ್ ಸಭೆಯಿಂದ ಬಂದವರು. 1966ರಲ್ಲಿ ಅವರ ಮದುವೆ ಗೊತ್ತಾದಾಗ ಎರಡು ಕಡೆಯೂ ಮುಖ ಸಣ್ಣದಾಗಿತ್ತಂತೆ. "ಬಿಷಪ್ಪರ ಸಭೆಗೆ ಹೆಣ್ಣು ಕೊಡುವುದಾ?" ಎಂದು ಅಮ್ಮನ ದೊಡ್ಡಪ್ಪ ಕೇಳಿದರೆ, "ಜರ್ಮನ್ ಪಾದ್ರಿಗಳ ಸಭೆಯ ಹುಡುಗಿ, ನಮ್ಮ ಪದ್ಧತಿ ಏನು ಗೊತ್ತು?" ಎಂದು ನಮ್ಮ ಅಜ್ಜಿ ಕೇಳಿದರಂತೆ. ಇಬ್ಬರೂ ಓದುತ್ತಿದ್ದದ್ದು ಕನ್ನಡದ ಅದೇ ಸತ್ಯವೇದ, ಇಬ್ಬರೂ ಮನೆಯಲ್ಲಿ ಕುದಿಸುತ್ತಿದ್ದದ್ದು ಅದೇ ಸಾರು. ಆದರೂ ನಡುವೆ ಒಂದು ಗೋಡೆ. ಆ ಗೋಡೆಯನ್ನು ಕಟ್ಟಿದವರು ಯಾರು?

ಅದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1534ರಲ್ಲಿ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ರೋಮಿನ ಪೋಪರಿಂದ ಬೇರೆಯಾದ ಪಾಠವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಲ್ಲಿಂದ ಆಂಗ್ಲಿಕನ್ ಸಭೆ ಬೇರೆಯಾಗಿ ನಡೆಯಿತು. ಅದರಲ್ಲಿ ಬಿಷಪ್ಪರು ಉಳಿದರು. ಬಿಷಪ್ ತಲೆಯ ಮೇಲೆ ಕೈಯಿಟ್ಟು ನೇಮಿಸಿದವನೇ ಸಭಾಸೇವಕ ಎಂಬುದು ಅಲ್ಲಿಯ ನಿಯಮ. ಇದನ್ನು ಒಪ್ಪದವರೂ ಇದ್ದರು. 1662ರಲ್ಲಿ ಹೊಸ ಕಾನೂನು ಬಂದು, ಬಿಷಪ್ಪರ ಕೈಯಿಂದ ನೇಮಕವಾಗದವರಿಗೆ ಸಭೆಯಲ್ಲಿ ಸ್ಥಳವಿಲ್ಲ ಎಂದಾಗ ಸುಮಾರು ಎರಡು ಸಾವಿರ ಸೇವಕರು ಕೆಲಸ ಕಳೆದುಕೊಂಡು ಹೊರಬಿದ್ದರು. ಅಂಥವರ ಪರಂಪರೆಯಲ್ಲಿ ಬಂದವರು ಪ್ರೆಸ್ಬಿಟೀರಿಯನ್ ಮತ್ತು ಕಾಂಗ್ರಿಗೇಶನಲ್ ಸಭೆಗಳವರು. ಮುಂದೆ ಜಾನ್ ವೆಸ್ಲಿಯವರು ಆಂಗ್ಲಿಕನ್ ಸಭೆಯ ಒಳಗೇ ಇದ್ದುಕೊಂಡು ಹೊಸ ಜಾಗೃತಿ ತಂದರು. 1784ರಲ್ಲಿ ಅಮೆರಿಕದ ಕೆಲಸಕ್ಕೆ ಬಿಷಪ್ಪರಿಲ್ಲದೆ ತಾವೇ ಕೈಯಿಟ್ಟು ಸೇವಕರನ್ನು ನೇಮಿಸಿದರು. ಅವರ ಅನುಯಾಯಿಗಳು ಮೆಥೊಡಿಸ್ಟರೆಂದು ಬೇರೆಯಾದರು.

ಇವೆಲ್ಲ ಇಂಗ್ಲೆಂಡಿನ ಜಗಳಗಳು. ನಮ್ಮ ಅಜ್ಜಂದಿರಿಗೂ ಅವಕ್ಕೂ ಏನೇನೂ ಸಂಬಂಧವಿರಲಿಲ್ಲ. ಆದರೆ ಹಡಗಿನಲ್ಲಿ ಸುವಾರ್ತೆಯ ಜೊತೆಗೆ ಅವೂ ಬಂದವು. ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಂದು ಸತ್ಯವೇದವನ್ನು ಕನ್ನಡಕ್ಕೆ ತರಲು ತೊಡಗಿದರು. 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಶನ್ನಿನವರು ಬಂದಿಳಿದರು. ಮುದ್ರಣಾಲಯ, ಹೆಂಚಿನ ಕಾರ್ಖಾನೆ, ನೇಯ್ಗೆ, 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ಕೋಶ, ಇವೆಲ್ಲ ಅವರ ಕೊಡುಗೆಯೆಂದು ಕನ್ನಡಿಗರಿಗೆ ಗೊತ್ತು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ನರು ಶಾಲೆ, ಆಸ್ಪತ್ರೆಗಳನ್ನು ತೆರೆದರು. ಒಬ್ಬರ ಸೀಮೆಯಲ್ಲಿ ಇನ್ನೊಬ್ಬರು ಕಾಲಿಡಬಾರದೆಂದು ಮಿಶನ್ನುಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು.

ಇದರ ಫಲ ನೋಡಿ. ಬಳ್ಳಾರಿಯಲ್ಲಿ ಕ್ರೈಸ್ತನಾದವನು ಕಾಂಗ್ರಿಗೇಶನಲ್, ತುಮಕೂರಿನಲ್ಲಿ ಆದವನು ಮೆಥೊಡಿಸ್ಟ್, ಮಂಗಳೂರಿನಲ್ಲಿ ಆದವನು ಬಾಸೆಲಿನವನು. ಅವನೇನೂ ಪುಸ್ತಕ ತೂಗಿ ನೋಡಿ ಆರಿಸಿಕೊಂಡದ್ದಲ್ಲ. ಹುಟ್ಟಿದ ಜಿಲ್ಲೆಯೇ ಅವನ ಪಂಗಡವನ್ನು ನಿಶ್ಚಯಿಸಿತು. ಊರಲ್ಲೇ ಇರುವವರೆಗೆ ತೊಂದರೆಯಿಲ್ಲ. ರೈಲ್ವೆಯಲ್ಲೋ ಶಾಲೆಯಲ್ಲೋ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದರೆ ತೊಡಕು. ಅಲ್ಲಿಯ ದೇವಾಲಯದಲ್ಲಿ ಕುಳಿತು ಹಾಡಬಹುದು, ಕರ್ತನ ಭೋಜನದ ಸಮಯ ಬಂದಾಗ ಮಾತ್ರ ನೀವು ನಮ್ಮವರಲ್ಲ ಎಂಬ ಮಾತು ಬರಬಹುದು. ಪಂಕ್ತಿಯಿಂದ ಎಬ್ಬಿಸುವುದು ಎಂದರೇನೆಂದು ಈ ದೇಶದ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಜಾತಿಯ ಪಂಕ್ತಿಭೇದವನ್ನು ಬಿಟ್ಟು ಬಂದವರಿಗೆ ಇಲ್ಲಿ ಇನ್ನೊಂದು ಪಂಕ್ತಿಭೇದ ಕಾದಿತ್ತು.

ಈ ಅವಮಾನವನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲಿ ಮುಖ್ಯರು ವಿ. ಎಸ್. ಅಜರಾಯ. ತಿರುನೆಲ್ವೇಲಿ ಕಡೆಯವರು. 1912ರಲ್ಲಿ ಬಿಷಪ್ಪರಾದರು, ಆಂಗ್ಲಿಕನ್ ಸಭೆಯಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ತೆಲುಗು ನಾಡಿನ ದೋರ್ನಕಲ್ಲಿನಲ್ಲಿದ್ದುಕೊಂಡು ಹಳ್ಳಿಯ ಬಡಜನರ ನಡುವೆ ದುಡಿದವರು. 1919ರ ಮೇ ತಿಂಗಳ ಮೊದಲ ವಾರದಲ್ಲಿ ತಮಿಳುನಾಡಿನ ಕಡಲತೀರದ ತರಂಗಂಬಾಡಿಯಲ್ಲಿ ಅಜರಾಯರೂ ಬೇರೆ ಸಭೆಗಳ ಸೇವಕರೂ ಕೂಡಿದರು. ಒಟ್ಟು 33 ಮಂದಿ, ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. 1706ರಲ್ಲಿ ಜೀಗನ್‌ಬಾಲ್ಗ್ ಬಂದಿಳಿದು ಭಾರತದಲ್ಲಿ ಪ್ರೊಟೆಸ್ಟೆಂಟ್ ಮಿಶನ್ನಿನ ಕೆಲಸ ಮೊದಲಾದದ್ದು ಅದೇ ಊರಿನಲ್ಲಿ. ಅಲ್ಲಿ ಅವರು ಹೊರಡಿಸಿದ ಹೇಳಿಕೆಯ ಸಾರಾಂಶ ಇಷ್ಟು: ಈ ಭೇದಗಳು ನಾವು ಮಾಡಿದವಲ್ಲ, ನಮಗೆ ಬೇಕಾದವೂ ಅಲ್ಲ; ನಮ್ಮ ಮೇಲೆ ಬಂದು ಬಿದ್ದವು. ಇವನ್ನು ಹೊತ್ತುಕೊಂಡು ಈ ದೇಶದಲ್ಲಿ ನಾವು ಸಾಕ್ಷಿ ಹೇಳಲಾರೆವು.

ಮರುವರ್ಷವೇ ಮಾತುಕತೆಗೆ ಸಮಿತಿ ಏರ್ಪಟ್ಟಿತು. ಒಂದು ಕಡೆ ಆಂಗ್ಲಿಕನ್ನರು. ಇನ್ನೊಂದು ಕಡೆ ಪ್ರೆಸ್ಬಿಟೀರಿಯನ್ನರೂ ಕಾಂಗ್ರಿಗೇಶನಲ್ಲರೂ 1908ರಲ್ಲೇ ಕೂಡಿ ಮಾಡಿಕೊಂಡಿದ್ದ ದಕ್ಷಿಣ ಇಂಡಿಯಾ ಐಕ್ಯ ಸಭೆ. ಆಮೇಲೆ ವೆಸ್ಲಿಯನ್ ಮೆಥೊಡಿಸ್ಟರೂ ಬಂದರು. ಎಲ್ಲರೂ ಒಳ್ಳೆಯವರು, ಎಲ್ಲರಿಗೂ ಐಕ್ಯ ಬೇಕು. ಇನ್ನೇನು, ಎರಡು ಮೂರು ವರ್ಷದಲ್ಲಿ ಮುಗಿಯುತ್ತದೆ ಎಂದುಕೊಳ್ಳಬೇಕು ತಾನೇ? ಮುಗಿಯಲು ಹಿಡಿದದ್ದು 28 ವರ್ಷ. ನಮ್ಮ ಕಾರ್ಯದರ್ಶಿಯವರು ಬೇಡವೆಂದ ಜಗಳವೆಲ್ಲ ಇರುವುದು ಈ 28 ವರ್ಷಗಳಲ್ಲೇ.

ಜಗಳದ ಗಂಟು ಒಂದೇ, ಬಿಷಪ್. ಬಿಷಪ್ಪರಿಲ್ಲದೆ ಸಭೆ ಪೂರ್ಣವಲ್ಲ ಎಂದು ಆಂಗ್ಲಿಕನ್ನರ ನಂಬಿಕೆ. ಬಿಷಪ್ಪರನ್ನು ಒಪ್ಪಲು ಉಳಿದವರೂ ಮೆಲ್ಲನೆ ಸಿದ್ಧರಾದರು. ಆದರೆ ಮುಂದಿನ ಪ್ರಶ್ನೆ ಗಂಟಲಲ್ಲಿ ಸಿಕ್ಕಿತು. ಇಷ್ಟು ವರ್ಷ ಬಿಷಪ್ಪರ ಕೈಯಿಲ್ಲದೆ ನೇಮಕವಾಗಿ, ಸ್ನಾನದೀಕ್ಷೆ ಕೊಟ್ಟು, ಕರ್ತನ ಭೋಜನ ನಡೆಸಿದ ಸೇವಕರ ಗತಿಯೇನು? ಅವರು ಮತ್ತೊಮ್ಮೆ ಬಿಷಪ್ಪರ ಮುಂದೆ ಮಂಡಿಯೂರಿ ನೇಮಕವಾಗಬೇಕೇ? ಹಾಗೆ ಮಾಡಿದರೆ ಈವರೆಗೆ ನಡೆಸಿದ್ದೆಲ್ಲ ಸುಳ್ಳೆಂದು ಒಪ್ಪಿದ ಹಾಗಾಗುವುದಿಲ್ಲವೇ? ಮಾಡದಿದ್ದರೆ ಆಂಗ್ಲಿಕನ್ ಸಭಿಕರು ಅವರ ಕೈಯಿಂದ ರೊಟ್ಟಿಯನ್ನು ಹೇಗೆ ತೆಗೆದುಕೊಂಡಾರು?

ಇದನ್ನು ಪುಸ್ತಕಗಳಲ್ಲಿ ಓದುವಾಗ ಮೊದಲು ನನಗೂ ಇದು ಪಂಡಿತರ ಕೂದಲು ಸೀಳುವ ಕೆಲಸ ಎನ್ನಿಸಿತ್ತು. ಆಮೇಲೆ ಅಮ್ಮ ಹೇಳುತ್ತಿದ್ದ ಒಂದು ಸಂಗತಿ ನೆನಪಾಗಿ ಅರ್ಥವಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಅಜ್ಜಿ ಅವಳಿಗೆ, "ಮುಂದಿನ ತಿಂಗಳು ಬಿಷಪ್ಪರು ಬರ್ತಾರೆ. ಹುಡುಗರ ಜೊತೆ ನಿಂತು ನೀನೂ ದೃಢೀಕರಣ ತಗೋ. ಆಮೇಲೆ ನಮ್ಮ ಜೊತೆ ಕರ್ತನ ಭೋಜನಕ್ಕೆ ಬಾ," ಎಂದರಂತೆ. ಅಮ್ಮ ತಲೆ ತಗ್ಗಿಸಿಕೊಂಡೇ ಹೇಳಿದಳಂತೆ: "ಅತ್ತೆ, ನನಗೆ ದೃಢೀಕರಣ ಆಗಿದೆ. ನಮ್ಮ ಅಯ್ಯನವರು ಮಾಡಿಸಿದ್ದಾರೆ. ದೇವರಿಗೆ ಒಮ್ಮೆ ಕೊಟ್ಟ ಮಾತು, ಅದನ್ನು ಮತ್ತೆ ಹೇಗೆ ಕೊಡಲಿ? ಮೊದಲನೆಯದು ಸುಳ್ಳು ಎಂದ ಹಾಗಾಗುವುದಿಲ್ಲವಾ?" ಹೊಸ ಸೊಸೆ ಎದುರು ಮಾತಾಡಿದಳೆಂದು ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದರಂತೆ. ಕೊನೆಗೆ ಸಭಾಪಾಲಕರೇ ಮನೆಗೆ ಬಂದು, "ಅಮ್ಮಾ, ನಮ್ಮ ಸಭೆ ಹುಟ್ಟಿದ್ದೇ ಈ ಮಾತನ್ನು ಒಪ್ಪಿಕೊಂಡು. ಸೊಸೆಗೆ ಎರಡನೇ ಸಲ ಏನೂ ಬೇಕಾಗಿಲ್ಲ. ಬರುವ ಭಾನುವಾರ ಅವಳು ನಿಮ್ಮ ಪಕ್ಕದಲ್ಲೇ ಬರಲಿ," ಎಂದರಂತೆ. ಏಳನೇ ತರಗತಿ ಓದಿದ ಅಮ್ಮ ಹೇಳಿದ್ದನ್ನೇ ಆ ಸೇವಕರು 28 ವರ್ಷ ಹೇಳಿದ್ದರು. ಅಜ್ಜಿಯೂ ಕೆಟ್ಟವರಲ್ಲ. ಮನೆಗೆ ಬಂದವಳು ಪೂರ್ತಿ ನಮ್ಮವಳಾಗಲಿ ಎಂಬುದು ಅವರ ಆಸೆ. ಆಂಗ್ಲಿಕನ್ನರ ಹಟವೂ ಅಂಥದೇ ಇತ್ತು.

ಕೊನೆಗೆ ಕಂಡುಕೊಂಡ ದಾರಿ ಹೀಗಿತ್ತು. ಕೂಡುವ ದಿನ ಇರುವ ಸೇವಕರೆಲ್ಲ ಇದ್ದ ಹಾಗೆಯೇ ಹೊಸ ಸಭೆಯ ಸೇವಕರು. ಯಾರಿಗೂ ಎರಡನೇ ನೇಮಕ ಬೇಡ. ಮುಂದೆ ಆಗುವ ನೇಮಕಗಳನ್ನು ಬಿಷಪ್ಪರೇ ಮಾಡುವುದು. ಆದರೆ ಬಿಷಪ್ಪರನ್ನು ಸಭೆಯವರೇ ಆರಿಸಬೇಕು, ಅವರು ಸಭೆಯ ಕಟ್ಟಳೆಗೆ ಒಳಪಟ್ಟು ನಡೆಯಬೇಕು. ಮೂವತ್ತು ವರ್ಷ ಹೀಗೆ ನಡೆದ ಮೇಲೆ ಉಳಿದದ್ದನ್ನು ಮುಂದಿನವರು ವಿಚಾರ ಮಾಡಲಿ. ಅಲ್ಲಿಯವರೆಗೆ ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಗ್ಗದ ಸೇವಕನನ್ನಾಗಲಿ ಆರಾಧನೆಯ ಪದ್ಧತಿಯನ್ನಾಗಲಿ ಹೇರುವುದಿಲ್ಲವೆಂದು ಎಲ್ಲರೂ ಮಾತು ಕೊಟ್ಟರು. ಹೆಣ್ಣು ತಂದ ಮನೆಯಲ್ಲಿ ಬುದ್ಧಿವಂತ ಹಿರಿಯರು ಮಾಡುವುದೂ ಇದನ್ನೇ ಅಲ್ಲವೇ? ಎಲ್ಲವನ್ನೂ ಮೊದಲ ದಿನವೇ ತೀರ್ಮಾನ ಮಾಡುವುದಿಲ್ಲ. ಒಟ್ಟಿಗೆ ಇರಲಿ, ಒಂದಾಗಿ ಉಂಡು ಬೆಳೆಯಲಿ, ಆಮೇಲೆ ನೋಡೋಣ ಎನ್ನುತ್ತಾರೆ.

ಇದಕ್ಕೂ ವಿರೋಧ ಬಂತು. ಇಂಗ್ಲೆಂಡಿನ ಹೆಸರಾಂತ ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯನ್ನು ಕಟುವಾಗಿ ಟೀಕಿಸಿ ಒಂದು ಪುಸ್ತಿಕೆಯನ್ನೇ ಬರೆದರು. ಅದೇ ವರ್ಷ ಮೆಥೊಡಿಸ್ಟರು ಒಪ್ಪಿದರು. 1945ರ ಜನವರಿಯಲ್ಲಿ ಇಲ್ಲಿಯ ಆಂಗ್ಲಿಕನ್ನರ ಮಹಾಸಭೆ ಒಪ್ಪಿತು. ಆ ತಿಂಗಳ ಮೊದಲನೆಯ ತಾರೀಕಿಗೆ ಅಜರಾಯರು ದೋರ್ನಕಲ್ಲಿನಲ್ಲಿ ತೀರಿಕೊಂಡಿದ್ದರು. 1946ರಲ್ಲಿ ಐಕ್ಯ ಸಭೆಯೂ ಒಪ್ಪಿತು. 1947ರ ಸೆಪ್ಟೆಂಬರ್ 27, ಶನಿವಾರ, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್ಲಿನಲ್ಲಿ ದಕ್ಷಿಣ ಇಂಡಿಯಾ ಸಭೆ, ನಾವು ಸಿ.ಎಸ್.ಐ. ಎನ್ನುವ ಸಭೆ ಹುಟ್ಟಿತು. ಬಿಷಪ್ಪರುಳ್ಳ ಸಭೆಯೂ ಇಲ್ಲದ ಸಭೆಗಳೂ ಹೀಗೆ ಕೂಡಿದ್ದು ಲೋಕದಲ್ಲೇ ಮೊದಲು. ಸುಮಾರು ಹತ್ತು ಲಕ್ಷ ಜನ, ಹದಿನಾಲ್ಕು ಡಯಾಸಿಸ್‌ಗಳು. ಅವುಗಳಲ್ಲಿ ಮೈಸೂರು ಒಂದು. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗ ಆರು ವಾರ. ಆಚೆ ಪಂಜಾಬಿನಲ್ಲಿ ದೇಶ ಹರಿದು ರಕ್ತ ಹರಿಯುತ್ತಿದ್ದಾಗ ಇಲ್ಲಿ ಒಂದಿಷ್ಟು ಜನ ಕೂಡುವ ಕೆಲಸ ಮಾಡಿದರು. ಶಾಲೆಯ ಪಾಠಗಳಲ್ಲಿ ಈ ಸಂಗತಿ ಬರುವುದಿಲ್ಲ.

ಹುಟ್ಟಿದ ಮಗುವನ್ನು ಎಲ್ಲ ನೆಂಟರೂ ಎತ್ತಿಕೊಳ್ಳಲಿಲ್ಲ. 1948ರಲ್ಲಿ ಲ್ಯಾಂಬೆತ್ತಿನಲ್ಲಿ ಕೂಡಿದ ಆಂಗ್ಲಿಕನ್ ಬಿಷಪ್ಪರು ಹೊಸ ಸಭೆಯೊಡನೆ ಪೂರ್ಣ ಸಂಬಂಧಕ್ಕೆ ಒಪ್ಪಲಿಲ್ಲ. 1955ರಲ್ಲಿ ಇಂಗ್ಲೆಂಡಿನ ಸಭೆ ಸ್ವಲ್ಪಮಟ್ಟಿಗೆ ಬಾಗಿಲು ತೆರೆಯಿತು. ಇಲ್ಲಿಯೂ ಕೆಲವರು ಹೊರಗೆ ಉಳಿದರು. ಲೂಥರನ್ನರು, ಬ್ಯಾಪ್ಟಿಸ್ಟರು ಸೇರಲಿಲ್ಲ. ಬೆಳಗಾವಿ, ಬೀದರ್, ಕೋಲಾರ ಕಡೆಗಳಲ್ಲಿ ಅಮೆರಿಕದ ಮಿಶನ್ನಿನಿಂದ ಬೆಳೆದ ಮೆಥೊಡಿಸ್ಟರೂ ಸೇರಲಿಲ್ಲ. ವೆಸ್ಲಿಯವರ ಹೆಸರು ಹೇಳುವ ಎರಡು ಸಭೆಗಳು ಈಗಲೂ ನಮ್ಮ ರಾಜ್ಯದಲ್ಲಿ ಬೇರೆಬೇರೆ ಇರುವುದಕ್ಕೆ ಇದೇ ಕಾರಣ.

ಅಮ್ಮನ ಬಾಸೆಲ್ ಸಭೆಯವರೂ ದೂರ ನಿಂತಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧಿಸಿ ದೇಶದಿಂದ ಕಳಿಸಿತು, ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಆ ಕಷ್ಟದಲ್ಲಿ ಊರಿನ ಹಿರಿಯರೇ ಸಭೆಗಳನ್ನು ಹಿಡಿದು ನಿಲ್ಲಿಸಿದ್ದರು. ಹಾಗೆ ಕಾಪಾಡಿಕೊಂಡದ್ದನ್ನು ಬೇಗ ಬಿಟ್ಟುಕೊಡಲು ಯಾರಿಗೆ ಮನಸ್ಸು ಬಂದೀತು? ಉತ್ತರ ಕರ್ನಾಟಕದ ಬಾಸೆಲ್ ಸಭೆಗಳು ಮೊದಲು ಸೇರಿದವು. ದಕ್ಷಿಣ ಕನ್ನಡ, ಕೊಡಗಿನ ಸಭೆಗಳು 1968ರಲ್ಲಿ ಸೇರಿದವು. ಅಮ್ಮನ ಮದುವೆಯಾಗಿ ಎರಡು ವರ್ಷಕ್ಕೆ! "ನಾನು ಮೊದಲು ಬಂದೆ, ತವರು ಹಿಂದಿನಿಂದ ಬಂತು," ಎಂದು ಅಮ್ಮ ನಗುತ್ತಿದ್ದಳು. 1970ರಲ್ಲಿ ಮೈಸೂರು ಡಯಾಸಿಸ್ ಮೂರಾಗಿ, ಕರ್ನಾಟಕದ ಉತ್ತರ, ದಕ್ಷಿಣ, ಮಧ್ಯ ಡಯಾಸಿಸ್‌ಗಳಾದವು.

ಇನ್ನೊಂದು ಊರಿನ ಕಥೆಯನ್ನು ಹೇಳದೆ ಇರಲಾರೆ. ಬಳ್ಳಾರಿಯಿಂದ ಪೂರ್ವಕ್ಕೆ, ರಾಯಲಸೀಮೆಯಲ್ಲಿ ನಂದ್ಯಾಲ ಎಂಬ ಊರು. ಅಲ್ಲಿಯ ಆಂಗ್ಲಿಕನ್ನರಲ್ಲಿ ಸಾವಿರಾರು ಜನ 1947ರಲ್ಲಿ ಈ ಐಕ್ಯವನ್ನು ಒಪ್ಪದೆ ಹೊರಗೆ ಉಳಿದರು. ಹಳ್ಳಿಹಳ್ಳಿಯಲ್ಲಿ ಎರಡು ಪಂಗಡ. ವರ್ಷಗಟ್ಟಲೆ ಸಭೆ ನೊಂದಿತು. ನಂದ್ಯಾಲ ಸಿ.ಎಸ್.ಐ.ಗೆ ಬಂದದ್ದು 1975ರಲ್ಲಿ, 28 ವರ್ಷದ ಮೇಲೆ. ಕೂಡಲು ಎಷ್ಟು ವರ್ಷ ಹಿಡಿದಿತ್ತೋ ಅಷ್ಟೇ ವರ್ಷ ಆ ಗಾಯ ಮಾಯಲೂ ಹಿಡಿಯಿತು. ಅದೇ ನಂದ್ಯಾಲಕ್ಕೆ 2013ರಲ್ಲಿ ಹೊಸ ಬಿಷಪ್ಪರು ಬಂದರು. ಹೆಸರು ಪುಷ್ಪಲಲಿತಾ. ಸಿ.ಎಸ್.ಐ.ನಲ್ಲಿ ಬಿಷಪ್ಪರಾದ ಮೊದಲ ಮಹಿಳೆ.

ಈ ಸುದ್ದಿಯನ್ನು ಪೇಪರಿನಲ್ಲಿ ಓದಿ ಹೇಳಿದಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಬಿಷಪ್ ಯಾರ ತಲೆಯ ಮೇಲೆ ಕೈಯಿಡಬೇಕೆಂದು ಗಂಡಸರು ವಾದಿಸುತ್ತಿದ್ದ ಅಷ್ಟು ವರ್ಷವೂ ಹೆಂಗಸರು ಭಾನುವಾರದ ಶಾಲೆ ನಡೆಸುತ್ತಿದ್ದರು, ಸುಗ್ಗಿಯ ಹಬ್ಬಕ್ಕೆ ಅಕ್ಕಿ ತೆಂಗಿನಕಾಯಿ ಕೂಡಿಸುತ್ತಿದ್ದರು, ಹೆರಿಗೆಯ ಮನೆಗೂ ಸಾವಿನ ಮನೆಗೂ ಪಂಗಡ ಕೇಳದೆ ಹೋಗುತ್ತಿದ್ದರು. ಸಿ.ಎಸ್.ಐ.ನಲ್ಲಿ 1952ರಲ್ಲಿ ಸಿಸ್ಟರ್ ಕ್ಯಾರಲ್ ಗ್ರೇಹಮ್ ಅವರ ಮುಂದಾಳುತನದಲ್ಲಿ ಸಹೋದರಿಯರ ಸಂಘ ಹುಟ್ಟಿತು. ಬೆಂಗಳೂರಿನ ವಿಶ್ರಾಂತಿ ನಿಲಯ ಅವರ ಮನೆ. ಬೇರೆಬೇರೆ ಪದ್ಧತಿಯಿಂದ ಬಂದ ಹೆಂಗಸರು ಅಲ್ಲಿ ಒಂದೇ ಸೂರಿನಡಿ ಪ್ರಾರ್ಥಿಸಿದರು. "ಬಿಷಪ್ಪಮ್ಮನವರು ಬಂದರೆ ನಾನೂ ಹೋಗಿ ನೋಡಬೇಕು," ಎಂದಳು ಅಮ್ಮ ಕೊನೆಗೆ. ಹೋಗಲಾಗಲಿಲ್ಲ. ಎರಡು ವರ್ಷದಲ್ಲಿ ಅವಳೇ ಹೊರಟುಹೋದಳು. ಪೆಟ್ಟಿಗೆಯಲ್ಲಿ ಎರಡೂ ಗೀತಪುಸ್ತಕಗಳನ್ನು ಇಟ್ಟೆವು.

ಇದನ್ನೆಲ್ಲ ಬರೆದು ಕಾರ್ಯದರ್ಶಿಯವರಿಗೆ ಕೊಟ್ಟೆ. ಕೊನೆಯಲ್ಲಿ ನಮ್ಮ ಸಭೆಯ ಈಗಿನ ಒಡಕಿನ ಬಗ್ಗೆಯೂ, ಯಾರ ಹೆಸರನ್ನೂ ಹೇಳದೆ, ಒಂದು ಪುಟ ಬರೆದಿದ್ದೆ. ಅಜರಾಯರ ಕಾಲದವರ ಜಗಳಕ್ಕೂ ನಮ್ಮದಕ್ಕೂ ಒಂದು ವ್ಯತ್ಯಾಸವಿದೆ ಎಂದು ಅದರಲ್ಲಿತ್ತು. ಅವರು ಭಿನ್ನಾಭಿಪ್ರಾಯವಿದ್ದೂ ಒಂದೇ ಕೋಣೆಗೆ 28 ವರ್ಷ ಮತ್ತೆ ಮತ್ತೆ ಬಂದು ಕುಳಿತರು. ನಂಬಿಕೆಗಾಗಿ ವಾದಿಸಿದರು. ನಾವು ಬಾಡಿಗೆಗಾಗಿ ವಾದಿಸಿದೆವು, ಎರಡನೇ ಸಲ ಕೂಡಿ ಕುಳಿತುಕೊಳ್ಳಲೂ ಇಲ್ಲ. ಸಭೆಗಳ ಆಸ್ತಿ, ಚುನಾವಣೆಯ ವ್ಯಾಜ್ಯಗಳು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಎಲ್ಲರೂ ಒಂದಾಗಿರಲಿ ಎಂದು ಯೇಸುಸ್ವಾಮಿ ಪ್ರಾರ್ಥಿಸಿದ್ದು ತಮ್ಮ ಮರಣದ ಹಿಂದಿನ ರಾತ್ರಿ. ಎದುರಿಗಿದ್ದ ಶಿಷ್ಯರು ತಮ್ಮಲ್ಲಿ ದೊಡ್ಡವನು ಯಾರೆಂದು ವಾದಿಸಿದ್ದು ಕೂಡ ಅದೇ ರಾತ್ರಿ ಎಂದು ಲೂಕನ ಸುವಾರ್ತೆ ಹೇಳುತ್ತದೆ. ಸುವಾರ್ತೆ ಬರೆದವನು ಜಗಳವನ್ನು ಮುಚ್ಚಿಡಲಿಲ್ಲ. ನಾವೇಕೆ ಮುಚ್ಚಿಡಬೇಕು?

ಸ್ಮರಣ ಸಂಚಿಕೆ ಚೆನ್ನಾಗಿ ಅಚ್ಚಾಗಿ ಬಂತು. ಆ ಕೊನೆಯ ಪುಟ ಮಾತ್ರ ಅದರಲ್ಲಿ ಇರಲಿಲ್ಲ. ಬೇಸರವಾಯಿತು, ಆದರೆ ಬಾಯಿ ಮಾತಿನಲ್ಲಿ ಆ ಪುಟದ ಸುದ್ದಿ ಎರಡು ಪಂಗಡದ ಮನೆಗಳಿಗೂ ಹೋಗಿತ್ತು.

ನೂರರ ಆರಾಧನೆಯ ದಿನ ಹಜಾರದ ಪ್ರಾರ್ಥನೆಯವರಲ್ಲಿ ನಾಲ್ಕು ಮನೆಯ ಹೆಂಗಸರು ಬಂದರು. ಗಂಡಸರು ಬರಲಿಲ್ಲ. ಎದುರು ಮನೆಯ ಅಕ್ಕ ಬಂದು ನನ್ನ ಬೆಂಚಿನಲ್ಲೇ, ಒಂದಾಳಿನ ಜಾಗ ಬಿಟ್ಟು ಕುಳಿತರು. ನಮ್ಮ ಕರ್ತನ ಭೋಜನದ ಕ್ರಮದಲ್ಲಿ ಸಮಾಧಾನ ಹಂಚಿಕೊಳ್ಳುವ ಒಂದು ಪದ್ಧತಿಯಿದೆ. 1950ರಲ್ಲಿ ಸಿ.ಎಸ್.ಐ. ಹೊಸ ಆರಾಧನಾ ಕ್ರಮವನ್ನು ಮಾಡಿಕೊಂಡಾಗ ಕೇರಳದ ಸಿರಿಯನ್ ಸಭೆಗಳಿಂದ ತೆಗೆದುಕೊಂಡದ್ದು ಅದು. ಪಕ್ಕದವರ ಬಲಗೈಗೆ ನಮ್ಮ ಬಲಗೈ ಸೇರಿಸಿ, ಎಡಗೈಯನ್ನು ಮೇಲಿಟ್ಟು ಮುಚ್ಚುವುದು. ಮೇಜಿನ ಬಳಿಯಿಂದ ಹೊರಟ ಸಮಾಧಾನ ಹಾಗೆ ಕೈಯಿಂದ ಕೈಗೆ ಕೊನೆಯ ಬೆಂಚಿನವರೆಗೆ ಹೋಗಬೇಕು. ನಡುವೆ ಯಾರಾದರೂ ಕೈ ಹಿಡಿಯದಿದ್ದರೆ ಅದು ಅಲ್ಲೇ ನಿಂತುಹೋಗುತ್ತದೆ.

ನನ್ನ ಸರದಿ ಬಂತು. ಒಂದಾಳಿನ ಆ ಜಾಗಕ್ಕೆ ಸರಿದು ಕೈ ಚಾಚಿದೆ. ಅಕ್ಕ ಮುಖ ಎತ್ತಲಿಲ್ಲ, ಕೈ ಕೊಟ್ಟರು. ಎಡಗೈಯನ್ನೂ ಮೇಲಿಟ್ಟರು. ಆಮೇಲೆ ಆ ಕಡೆ ತಿರುಗಿ ಪಕ್ಕದ ಹುಡುಗಿಗೆ ಕೈ ಚಾಚಿದರು. ಲೆಕ್ಕದ ಜಗಳ ಇನ್ನೂ ಮುಗಿದಿಲ್ಲ. ಈ ಕ್ರಿಸ್ಮಸ್ಸಿಗೆ ಮಾತ್ರ, ಅವರು ಕಳಿಸಲಿ ಬಿಡಲಿ, ನಮ್ಮ ಮನೆಯ ತಟ್ಟೆ ಬೀದಿ ದಾಟುತ್ತದೆ.